ಅಜ್ಜಿಯ ಮಗ್ಗಿ

ನನ್ನ ಕೋಪ ಮೂಗಿನ ತುದಿಯಲ್ಲೇ ಕೂತಿರುತ್ತದೆ ಎಂದು ಅಮ್ಮ ಹೇಳುತ್ತಾಳೆ. ಸುಳ್ಳಲ್ಲ. ಆದರೆ ಹೋದ ಮಂಗಳವಾರ ನಮ್ಮ ಹೊಸ ಮುಖ್ಯಸ್ಥ ನನ್ನ ಮೇಜಿನ ಮೇಲೆ ಒಂದು ಹಾಳೆ ಇಟ್ಟು, "ಮೇಡಂ, ಇದನ್ನೊಂದ್ಸಲ ನೋಡಿ ಸೈನ್ ಮಾಡ್ಬಿಡಿ, ಸೋಮವಾರ ಪ್ರಿಂಟಿಗೆ ಹೋಗ್ಬೇಕು" ಎಂದಾಗ ಕೋಪ ಬರಲಿಲ್ಲ, ಹೆದರಿಕೆಯಾಯಿತು. ಇಪ್ಪತ್ತಾರು ವರ್ಷದಿಂದ ಯಾರಿಗೂ ಹೇಳದೆ ಹೊಟ್ಟೆಯಲ್ಲಿಟ್ಟುಕೊಂಡಿದ್ದ ಸಂಗತಿಯೊಂದು ಆ ಹಾಳೆಯಲ್ಲಿ ಅರ್ಧ ಮಾತ್ರ ಬರೆದಿತ್ತು. ಉಳಿದರ್ಧ ನನಗೊಬ್ಬಳಿಗೇ ಗೊತ್ತು ಎಂದುಕೊಂಡಿದ್ದೆ.

ನಮ್ಮದು ಅಳೆಯುವ ಉಪಕರಣಗಳನ್ನೇ ಅಳೆಯುವ ಪ್ರಯೋಗಾಲಯ. ರೇಡಿಯೋ ಅಲೆಯಲ್ಲಿ ಎಷ್ಟು ಶಕ್ತಿ ಇದೆ ಎಂದು ತೋರಿಸುವ ಪವರ್ ಮೀಟರುಗಳು, ಅವುಗಳ ತುದಿಗೆ ಜೋಡಿಸುವ ಹೆಬ್ಬೆರಳು ಗಾತ್ರದ ಸೆನ್ಸರುಗಳು ನಮ್ಮಲ್ಲಿಗೆ ಬರುತ್ತವೆ. ವಿಮಾನ ನಿಲ್ದಾಣದ ರೇಡಾರಿನವರು ಕಳಿಸುತ್ತಾರೆ, ಬಾನುಲಿಯವರು ಕಳಿಸುತ್ತಾರೆ, ಹಡಗಿನವರು ಮಾತ್ರ ಉಪ್ಪು ಹಿಡಿಸಿ, ತುಕ್ಕು ಹಿಡಿಸಿ, ಬೈಸಿಕೊಳ್ಳಲೆಂದೇ ಕಳಿಸುತ್ತಾರೆ. ಅವರ ಮೀಟರು ಹತ್ತು ಎಂದರೆ ಅದು ನಿಜಕ್ಕೂ ಹತ್ತೋ ಇಲ್ಲ ಒಂಬತ್ತೂಮುಕ್ಕಾಲೋ ಎಂದು ನೋಡಿ, ಪ್ರಮಾಣಪತ್ರ ಬರೆದು ಕಳಿಸುವುದು ನಮ್ಮ ಕೆಲಸ. ಈ ಕೆಲಸದಲ್ಲಿ ಮೂವತ್ತೆರಡು ವರ್ಷ ಕಳೆದಿದ್ದೇನೆ. ಮನೆಯಲ್ಲಿ ಸಕ್ಕರೆ ಡಬ್ಬಿ ಖಾಲಿಯಾದದ್ದು ಗೊತ್ತಾಗದಿದ್ದರೂ ಸೆನ್ಸರಿನ ಮೂತಿಯೊಳಗೆ ಕೂದಲೆಳೆಯಷ್ಟು ಕಸವಿದ್ದರೆ ಕಣ್ಣಿಗೆ ಬೀಳುತ್ತದೆ.

ಹೊಸ ಮುಖ್ಯಸ್ಥನಿಗೆ ನಾವಿಟ್ಟ ಹೆಸರು ಕ್ಲಿಕ್ ಸಾರ್. ವಯಸ್ಸು ಮೂವತ್ತನಾಲ್ಕು. ಏನು ಕೇಳಿದರೂ "ಅದೇನ್ಮಹಾ, ಒಂದೇ ಕ್ಲಿಕ್ ಮೇಡಂ" ಎನ್ನುತ್ತಾನೆ. ಒಳ್ಳೆಯವನೇ. ಈ ತಿಂಗಳ ಕೊನೆಗೆ ಅಳತೆ ಮಾಡುವ ಹಳೆಯ ಬೆಂಚನ್ನು ಕಿತ್ತು ಕಂಪ್ಯೂಟರೇ ಎಲ್ಲವನ್ನೂ ಮಾಡುವ ಹೊಸ ಬೆಂಚು ಹಾಕಿಸುತ್ತಿದ್ದಾನೆ. ಜೊತೆಗೆ ಹೊಸದಾಗಿ ಸೇರುವವರಿಗೆಂದು ಒಂದು ಕೈಪಿಡಿ ಬರೆಸಿದ್ದಾನೆ. ನನ್ನ ಮುಂದಿಟ್ಟದ್ದು ಅದರ ಒಂದು ಪುಟ. ಮೇಲೆ "ತಪ್ಪುಗಳಿಂದ ಕಲಿಯೋಣ" ಎಂದಿತ್ತು, ಕೆಳಗೆ "ಪರಿಶೀಲಿಸಿದವರು" ಎಂಬುದರ ಮುಂದೆ ನನ್ನ ಸಹಿಗೆ ಜಾಗ ಬಿಟ್ಟಿತ್ತು.

ಆ ಪುಟದಲ್ಲಿದ್ದದ್ದು ನನ್ನ ಸೋದರಮಾವನ ಕಥೆ.

ಅಪ್ಪ ತೀರಿಕೊಂಡಾಗ ನನಗೆ ಆರು ವರ್ಷ. ಅಮ್ಮ ನನ್ನನ್ನೂ ಎರಡು ಪೆಟ್ಟಿಗೆಗಳನ್ನೂ ಕಟ್ಟಿಕೊಂಡು ಅಣ್ಣನ ಮನೆಗೆ ಬಂದಳು. ಮಾವ ಮದುವೆಯಾಗಲಿಲ್ಲ. ಅಳತೆಗೆ ಸರಿಯಾದವಳು ಸಿಗಲಿಲ್ಲ ಎಂದು ಅಮ್ಮ ಈಗಲೂ ಛೇಡಿಸುತ್ತಾಳೆ. ಮಾವ ಆಗ ಇದೇ ಪ್ರಯೋಗಾಲಯದಲ್ಲಿ ಹಿರಿಯ ತಂತ್ರಜ್ಞ. ಅಲ್ಲಿ ಅವನಿಗೆ ಸೊನ್ನೆ ಸಾರ್ ಎಂದು ಹೆಸರು, ಯಾಕೆಂದರೆ ಎದುರಿಗೆ ಸಿಕ್ಕವರಿಗೆಲ್ಲ ಮೊದಲು ಕೇಳುವ ಪ್ರಶ್ನೆ "ಸೊನ್ನೆ ಮಾಡಿದ್ಯಾ?" ಶಕ್ತಿ ಹರಿಸುವುದಕ್ಕೆ ಮೊದಲು, ಏನೂ ಇಲ್ಲದಿರುವಾಗ ಮೀಟರು ಏನೂ ಇಲ್ಲ ಎಂದೇ ಹೇಳುತ್ತದೆಯೇ ಎಂದು ನೋಡಿಕೊಳ್ಳಬೇಕು. ಆಮೇಲೆ ಅದು ಹೇಳಿದ್ದನ್ನು ನಂಬಬಹುದು.

ಬೇರೆ ಮಕ್ಕಳ ಮಾವಂದಿರು ಆಟಿಕೆ ತರುತ್ತಿದ್ದರು. ನನ್ನ ಮಾವ ಮಗ್ಗಿ ಕಲಿಸಿದ. ಎರಡೊಂದ್ಲೆ ಎರಡು ಮುಗಿದ ಮೇಲೆ ಅಜ್ಜಿಯ ಮಗ್ಗಿ. ಅಜ್ಜಿ ಎಂದರೆ ಮನುಷ್ಯಳಲ್ಲ, ಪ್ರಯೋಗಾಲಯದ ಅತ್ಯಂತ ಹಳೆಯ ಸೆನ್ಸರು. ಬಂದ ಮೀಟರು, ಸೆನ್ಸರುಗಳನ್ನೆಲ್ಲ ಅದರ ಜೊತೆ ಹೋಲಿಸಿಯೇ ತೀರ್ಪು ಕೊಡುತ್ತಿದ್ದದ್ದು, ಹಾಗಾಗಿ ಅಜ್ಜಿ. ಹಸಿರು ಬಟ್ಟೆ ಹಾಸಿದ ಮರದ ಪೆಟ್ಟಿಗೆಯಲ್ಲಿ ಮಲಗಿರುತ್ತಿತ್ತು. ಎಂಥ ಸೆನ್ಸರೂ ಬಾಗಿಲಿಗೆ ಬಂದ ಶಕ್ತಿಯನ್ನೆಲ್ಲ ಲೆಕ್ಕಕ್ಕೆ ಹಿಡಿಯುವುದಿಲ್ಲ. ನೂರು ಪಾಲು ಬಂದರೆ ಸ್ವಲ್ಪ ಬಾಗಿಲಿಂದಲೇ ಹಿಂದಿರುಗುತ್ತದೆ, ಸ್ವಲ್ಪ ಒಳಗೆ ಸೋರಿಹೋಗುತ್ತದೆ. ಅಲೆ ಚುರುಕಾದಷ್ಟೂ ಈ ನಷ್ಟ ಹೆಚ್ಚು. ಯಾವ ಅಲೆಗೆ ನೂರಕ್ಕೆ ಎಷ್ಟು ಹಿಡಿಯುತ್ತದೆ ಎಂಬ ಪಟ್ಟಿಯನ್ನು ಮಾವ ಕಪ್ಪು ಶಾಯಿಯಲ್ಲಿ, ಸಾಸಿವೆಯಂಥ ಅಕ್ಷರದಲ್ಲಿ ಬರೆದು ಅಜ್ಜಿಯ ಪಕ್ಕೆಗೆ ಅಂಟಿಸಿದ್ದ.

"ಒಂದಕ್ಕೆ?"

"ತೊಂಬತ್ತೊಂಬತ್ತು ಪಾಯಿಂಟ್ ಒಂದು."

"ಎಂಟಕ್ಕೆ?"

"ತೊಂಬತ್ತೆಂಟು ಪಾಯಿಂಟ್ ಮೂರು."

"ಹದಿನೆಂಟಕ್ಕೆ?"

"ತೊಂಬತ್ತೇಳು ಪಾಯಿಂಟ್ ನಾಲ್ಕು!"

ಹದಿನೆಂಟು ಎಂದರೆ ಹದಿನೆಂಟು ಗಿಗಾಹರ್ಟ್ಸ್ ಎಂದು ನನಗೆ ಗೊತ್ತಾದದ್ದು ಎಷ್ಟೋ ವರ್ಷಗಳ ಮೇಲೆ. ಆಗ ಅದೊಂದು ಹಾಡು, ಅಷ್ಟೆ. ತಲೆ ಬಾಚಿಸಿಕೊಳ್ಳುವಾಗ, ಮೆಟ್ಟಿಲು ಹತ್ತುವಾಗ, ಜ್ವರ ಬಂದು ಮಲಗಿದಾಗ ಮಾವ ಕೇಳುತ್ತಿದ್ದ, ನಾನು ಹೇಳುತ್ತಿದ್ದೆ. "ಆ ಮಗೂಗೆ ಯಾವ್ದಾದ್ರೂ ಕಥೆ ಹೇಳ್ಬಾರ್ದಾ?" ಎಂದು ಅಮ್ಮ ಗೊಣಗುತ್ತಿದ್ದಳು. ಈಗ ನೆನೆಸಿಕೊಂಡರೆ ಅದಕ್ಕಿಂತ ಒಳ್ಳೆಯ ಕಥೆ ನನಗೆ ಯಾರೂ ಹೇಳಿಲ್ಲ.

ಓದು ಮುಗಿಸಿ ನಾನೂ ಅಲ್ಲೇ ಕೆಲಸಕ್ಕೆ ಸೇರಿದೆ. ಬೆಳಿಗ್ಗೆ ಮನೆಯಿಂದ ಜೊತೆಯಲ್ಲೇ ಹೊರಡುತ್ತಿದ್ದೆವು. ಪ್ರಯೋಗಾಲಯದ ಬಾಗಿಲು ದಾಟಿದರೆ ಮಾವ ಸಾರ್ ಆಗುತ್ತಿದ್ದ, ನಾನು ಬಹುವಚನಕ್ಕೆ ಬದಲಾಗುತ್ತಿದ್ದೆ. ಆ ಕೋಣೆಯಲ್ಲಿ ವರ್ಷವಿಡೀ ಇಪ್ಪತ್ಮೂರು ಡಿಗ್ರಿ. ಹೊರಗೆ ಬೆಂಕಿಯಂಥ ಬಿಸಿಲಿದ್ದರೂ ಮಾವನ ಮೈಮೇಲೆ ಮೊಣಕೈ ಸವೆದ ಬೂದು ಸ್ವೆಟರು. ಮೊದಲು ಎಲ್ಲ ಉಪಕರಣಗಳ ಸ್ವಿಚ್ಚು ಒತ್ತಿ, ಒಂದು ಗಂಟೆ ಅವು ಬೆಚ್ಚಗಾಗಲು ಬಿಟ್ಟು, ಪಕ್ಕದ ಕೋಣೆಯಲ್ಲಿ ಚಹಾ. "ಮಿಶನ್ನು ಬೆಚ್ಚಗಾಗೋವರೆಗೂ ಮನುಷ್ಯ ತಣ್ಣಗಿರ್ಬೇಕು" ಎಂದು ನನ್ನ ಕಡೆ ನೋಡಿ ಹೇಳುತ್ತಿದ್ದ, ನನ್ನ ಕೋಪ ಗೊತ್ತಿತ್ತಲ್ಲ. ಆಮೇಲೆ ಹತ್ತಿಯ ಕಡ್ಡಿಗೆ ಒಂದೇ ಹನಿ ಸ್ಪಿರಿಟ್ಟು ತಾಕಿಸಿ ಸೆನ್ಸರಿನ ಮೂತಿ ಒರೆಸುವುದು. ಸೆನ್ಸರನ್ನು ಕೈಯಲ್ಲಿ ಹಿಡಿದು ನಿಲ್ಲಬಾರದು, ಅಂಗೈಯ ಬಿಸಿಯೂ ಅದಕ್ಕೆ ಶಕ್ತಿಯೇ. ಜೋಡಿಸುವಾಗ ನಟ್ಟು ತಿರುಗಿಸಬೇಕು, ಸೆನ್ಸರಿನ ಮೈ ತಿರುಗಿಸಬಾರದು. ಮೈ ತಿರುಗಿಸಿದರೆ ಒಳಗಿನ ಸೂಜಿ ಸವೆಯುತ್ತದೆ. ಪುಟ್ಟ ಸ್ಪ್ಯಾನರು ಟಕ್ ಎಂದ ಕೂಡಲೇ ಕೈ ತೆಗೆಯಬೇಕು.

ಕೊನೆಯದಾಗಿ ಎಣಿಸುವುದು. ಶಕ್ತಿ ಹರಿಸಿದ ಮೇಲೆ ಮೀಟರಿನ ಕೊನೆಯ ಅಂಕಿ ಸ್ವಲ್ಪ ಹೊತ್ತು ಕುಣಿಯುತ್ತದೆ. ಮಾವ ಕಣ್ಣು ಮುಚ್ಚಿಕೊಂಡು ಜೋರಾಗಿ ಎಣಿಸುತ್ತಿದ್ದ. "ಒಂದು, ಎರಡು, ಮೂರು, ನಾಲ್ಕು. ಈಗ ಓದು." ಅದಕ್ಕೆ ಮೊದಲು ಓದಿದರೆ ಗದರುತ್ತಿದ್ದ. "ಅದು ಯೋಚ್ನೆ ಮಾಡ್ತಿದೆ. ಮಧ್ಯೆ ಬಾಯಿ ಹಾಕ್ಬೇಡ." ಮೂವತ್ತು ವರ್ಷಗಳಾದರೂ ಆ ದನಿ ನನ್ನ ಕಿವಿಯಲ್ಲಿದೆ. ಆ ಬೆಳಗುಗಳು ಇನ್ನೊಂದು ಸಲ ಸಿಗುವುದಾದರೆ ಈಗಿನ ಸಂಬಳ, ಕುರ್ಚಿ ಎಲ್ಲ ಬಿಟ್ಟು ಹೋಗಿ ಹತ್ತಿಯ ಕಡ್ಡಿ ಹಿಡಿದು ನಿಲ್ಲುತ್ತೇನೆ.

ಇನ್ನು ಆ ದಿನದ ಮಾತು.

ಆಗ ನನಗೆ ಇಪ್ಪತ್ತೆಂಟು, ಮಾವನಿಗೆ ಐವತ್ತೈದು. ಆರು ಪ್ರಯೋಗಾಲಯಗಳ ನಡುವೆ ಒಂದು ಪರೀಕ್ಷೆ ನಡೆಯುತ್ತಿತ್ತು. ಒಂದೇ ಸೆನ್ಸರು ಪೆಟ್ಟಿಗೆಯಲ್ಲಿ ಕೂತು ಊರೂರು ಸುತ್ತುತ್ತದೆ. ಪ್ರತಿಯೊಬ್ಬರೂ ಒಂದು ದಿನ ಇಟ್ಟುಕೊಂಡು ಅಳೆದು, ಉತ್ತರವನ್ನು ಲಕೋಟೆಗೆ ಹಾಕಿ ಮುಚ್ಚಬೇಕು. ಕೊನೆಗೆ ಎಲ್ಲ ಲಕೋಟೆ ಒಡೆದು ಯಾರ ಅಳತೆ ಎಲ್ಲಿ ನಿಂತಿತು ಎಂದು ನೋಡುತ್ತಾರೆ. ಅದಕ್ಕೆ ಎರಡು ವಾರ ಮುಂಚೆ ಅಜ್ಜಿಯನ್ನು ದೊಡ್ಡ ಪ್ರಯೋಗಾಲಯಕ್ಕೆ ಕಳಿಸಿ ಹೊಸ ಪ್ರಮಾಣಪತ್ರ ತರಿಸಿದ್ದೆವು. ಅಜ್ಜಿಗೂ ವಯಸ್ಸಾಗಿತ್ತು. ಬೇರೆ ಸಾಲುಗಳೆಲ್ಲ ಹಾಗೇ ಇದ್ದವು. ಹದಿನೆಂಟರ ಸಾಲಿನಲ್ಲಿ ಮಾತ್ರ ತೊಂಬತ್ತೇಳು ಪಾಯಿಂಟ್ ನಾಲ್ಕು ಹೋಗಿ ತೊಂಬತ್ತೈದು ಪಾಯಿಂಟ್ ಆರು ಬಂದಿತ್ತು. ಮಾವ ಅದನ್ನು ಓದಿ, ಫೈಲಿಗೆ ಹಾಕಿ, "ಪಾಪ, ಮುದುಕಿಗೆ ಕಿವಿ ಮಂದ ಆಗಿದೆ" ಎಂದಿದ್ದ. ಆದರೆ ಪಕ್ಕೆಯ ಮೇಲಿನ ಹಳೆಯ ಚೀಟಿ ಕೀಳಲು ಅವನಿಗೆ ಮನಸ್ಸು ಬರಲಿಲ್ಲ.

ಪರೀಕ್ಷೆಯ ಸೆನ್ಸರನ್ನು ಹಿಡಿದುಕೊಂಡು ಬೆಳಿಗ್ಗೆ ಇಬ್ಬರು ಬಂದರು. ಸಂಜೆ ಐದಕ್ಕೆ ಬಂದು ಒಯ್ಯುವವರೂ ಅವರೇ. ಅವರ ಎದುರಿಗೆ ಅದನ್ನು ಜೋಡಿಸುವಾಗ ನನ್ನ ಕೈ ಜಾರಿ ಮೈ ಅರ್ಧ ಸುತ್ತು ತಿರುಗಿತು. ಕೆಲಸಕ್ಕೆ ಸೇರಿದ ಆರು ವರ್ಷದಲ್ಲಿ ಮೊದಲ ಸಲ.

"ನಟ್ಟು ತಿರುಗ್ಸು ಅಂದ್ರೆ ಮೈ ತಿರುಗಿಸ್ತಾಳೆ" ಎಂದ ಮಾವ, ಅವರ ಕಡೆ ನೋಡಿ ನಗುತ್ತ. "ತಂಗಿ ಮಗಳು ಅಂತ ಇಟ್ಕೊಂಡಿದೀನಿ."

ಅವರೂ ನಕ್ಕರು. ಮಾವ ತಮಾಷೆಗೆ ಅಂದದ್ದು, ಅದು ನನಗೂ ಗೊತ್ತಿತ್ತು. ಆದರೆ ಆರು ವರ್ಷದಿಂದ ಚಹಾ ಕೋಣೆಯಲ್ಲಿ ಬೆನ್ನ ಹಿಂದೆ ಆಡುತ್ತಿದ್ದ ಮಾತು ಅದು. ಮಾವನ ಬಾಯಲ್ಲೇ ಕೇಳಿದಾಗ ಮೈಯೆಲ್ಲ ಉರಿದುಹೋಯಿತು. ಅವತ್ತೆಲ್ಲ ಹೌದು ಸಾರ್, ಇಲ್ಲ ಸಾರ್ ಬಿಟ್ಟರೆ ಬೇರೆ ಮಾತಾಡಲಿಲ್ಲ.

ಮಧ್ಯಾಹ್ನ ಲೆಕ್ಕಕ್ಕೆ ಕೂತೆವು. ಅಜ್ಜಿಯ ಅಂಕಿಗಳನ್ನು ಮಾವ ಹೇಳುವುದು, ನಾನು ಹಾಳೆಯಲ್ಲಿ ಬರೆಯುವುದು. ಅವನು ಕಿಟಕಿಯ ಕಡೆ ಮುಖ ಮಾಡಿ ನಿಂತು, ಕಣ್ಣು ಮುಚ್ಚಿ, ಮಗ್ಗಿಯಂತೆಯೇ ಹೇಳುತ್ತ ಹೋದ. ಹೊಸ ಪ್ರಮಾಣಪತ್ರ ಫೈಲಿನಲ್ಲಿ ನನ್ನ ಮೊಣಕೈ ಪಕ್ಕದಲ್ಲೇ ತೆರೆದಿತ್ತು.

"ಹದಿನೆಂಟಕ್ಕೆ ತೊಂಬತ್ತೇಳು ಪಾಯಿಂಟ್ ನಾಲ್ಕು."

ನನ್ನ ಪೆನ್ನು ನಿಂತಿತು. ತೊಂಬತ್ತೈದು ಪಾಯಿಂಟ್ ಆರು ಎಂದು ಕಣ್ಣೆದುರಿಗೇ ಅಚ್ಚಾಗಿತ್ತು. ಬಾಯಿ ತೆರೆದರೆ ಸಾಕಿತ್ತು. ತೆರೆಯಲಿಲ್ಲ.

"ಏನು, ಮಗ್ಗಿ ಮರ್ತ್‌ಹೋಯ್ತಾ?" ಎಂದ ಮಾವ, ತಿರುಗಿ ನೋಡದೆ. "ಬರ್ಕೋ."

ಬರೆದೆ. ನಿಜ ಹೇಳಿಬಿಡುತ್ತೇನೆ, ಆ ಕ್ಷಣದಲ್ಲಿ ನನಗೆ ಒಳಗೊಳಗೇ ಖುಷಿಯಾಯಿತು. ತಂಗಿ ಮಗಳಂತೆ, ಇಟ್ಕೊಂಡಿದ್ದಾನಂತೆ, ಸಂಜೆ ಪರಿಶೀಲನೆ ಮಾಡುವಾಗ ತಾನೇ ಕಂಡುಹಿಡಿದು ಪೆಚ್ಚಾಗಲಿ ಎಂದುಕೊಂಡೆ. ಪ್ರತಿಯೊಂದು ಹಾಳೆಯನ್ನೂ ಸಂಜೆ ಪ್ರಮಾಣಪತ್ರದ ಜೊತೆ ಸಾಲುಸಾಲಾಗಿ ಬೆರಳಿಟ್ಟು ಹೋಲಿಸಿದ ಮೇಲೇ ಅವನು ಸಹಿ ಹಾಕುತ್ತಿದ್ದದ್ದು. ಆ ಧೈರ್ಯದ ಮೇಲೇ ನಾನು ಸುಮ್ಮನಿದ್ದೆ.

ಅವತ್ತು ಅವರಿಬ್ಬರು ನಾಲ್ಕೂವರೆಗೇ ಬಂದರು. ಮಾವ ಹಾಳೆಯ ಮೇಲೆ ಒಮ್ಮೆ ಕಣ್ಣಾಡಿಸಿದ, ನನ್ನ ಮುಖ ನೋಡಿದ, ಸಹಿ ಹಾಕಿದ. ಲಕೋಟೆ ಮುಚ್ಚಿತು. ವ್ಯಾನು ಗೇಟು ದಾಟುವವರೆಗೂ ನನಗೆ ಕೂಗಿ ಹೇಳಲು ಸಮಯವಿತ್ತು. ವ್ಯಾನು ಹೋದ ಮೇಲೆ, ಇನ್ನು ಹೇಳಿದರೆ ಇಷ್ಟು ಹೊತ್ತು ಯಾಕೆ ಹೇಳಲಿಲ್ಲ ಎಂದು ಕೇಳುತ್ತಾನಲ್ಲ ಎಂಬ ಹೆದರಿಕೆ ಶುರುವಾಯಿತು. ಆ ಹೆದರಿಕೆ ಒಂದು ದಿನ ಕಳೆದರೆ ಎರಡರಷ್ಟಾಗುತ್ತದೆ, ಒಂದು ತಿಂಗಳು ಕಳೆದರೆ ಅಭ್ಯಾಸವಾಗಿಬಿಡುತ್ತದೆ.

ಎರಡು ತಿಂಗಳಿಗೆ ಫಲಿತಾಂಶ ಬಂತು. ಐದು ಪ್ರಯೋಗಾಲಯಗಳು ಒಂದು ಕಡೆ, ಹದಿನೆಂಟರ ಸಾಲಿನಲ್ಲಿ ನಾವೊಬ್ಬರೇ ನೂರಕ್ಕೆ ಒಂದು ಪಾಯಿಂಟ್ ಒಂಬತ್ತು ಮೇಲೆ. ಹೊರಗಿನವರಿಗೆ ಇದೊಂದು ವ್ಯತ್ಯಾಸವೇ ಅಲ್ಲ, ತರಕಾರಿಯವನು ಇದರ ಹತ್ತರಷ್ಟು ಕೊಸರು ಹಾಕುತ್ತಾನೆ. ನಮ್ಮ ಕಸುಬಿನಲ್ಲಿ ಮಾತ್ರ ಅದು ಮುಖಕ್ಕೆ ಬಳಿದ ಮಸಿ. ಒಂದು ವರ್ಷ ಚುರುಕು ಅಲೆಗಳಿಗೆ ಪ್ರಮಾಣಪತ್ರ ಕೊಡುವ ಅಧಿಕಾರ ಹೋಯಿತು. ವಿಚಾರಣೆಯಲ್ಲಿ ಮಾವ ಒಂದೇ ಪುಟ ಬರೆದುಕೊಟ್ಟ. "ಅಂಕಿ ಹೇಳಿದವನು ನಾನು. ಪರಿಶೀಲಿಸಬೇಕಾದವನೂ ನಾನೇ. ಬರೆದುಕೊಂಡವರ ತಪ್ಪಿಲ್ಲ." ಅವನನ್ನು ಕೆಳಗಿನ ಮಹಡಿಯ ಉಗ್ರಾಣಕ್ಕೆ ಹಾಕಿದರು. ಕೊನೆಯ ನಾಲ್ಕು ವರ್ಷ ಫ್ಯೂಸು, ಸೀಸದ ತಂತಿ, ಸ್ಕ್ರೂ ಎಣಿಸಿ ಕೊಡುತ್ತ ಕಳೆದ. ಬೂದು ಸ್ವೆಟರು ಮಾತ್ರ ಅಲ್ಲೂ ಬಿಡಲಿಲ್ಲ. ದಿನಾ ಬೆಳಿಗ್ಗೆ ಮೆಟ್ಟಿಲ ಬಳಿ ನಾವು ಬೇರೆಯಾಗುತ್ತಿದ್ದೆವು. "ಸೊನ್ನೆ ಮಾಡೋದು ಮರೀಬೇಡ" ಎಂದು ಅವನು ಕೆಳಗಿಳಿಯುತ್ತಿದ್ದ, ನಾನು ಅವನ ಬೆಂಚಿಗೆ ಹತ್ತಿ ಹೋಗುತ್ತಿದ್ದೆ.

ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎನ್ನುತ್ತಾರಲ್ಲ, ಹಾಗಾಯಿತು. ಮಾವನ ಮೂವತ್ತು ವರ್ಷದ ಕೆಲಸ ಮರೆತುಹೋಗಿ ಆ ಒಂದು ಅಂಕಿ ಉಳಿಯಿತು. ಪ್ರಯೋಗಾಲಯದಲ್ಲಿ ಯಾರಾದರೂ ನೋಡದೆ ಏನಾದರೂ ಹೇಳಿದರೆ "ಏಯ್, ತೊಂಬತ್ತೇಳು ನಾಲ್ಕು ಮಾಡ್ಬೇಡ" ಎನ್ನುವ ರೂಢಿ ಬಂತು. ಹೊಸದಾಗಿ ಬಂದ ಹುಡುಗಿಯರೂ ಅದನ್ನು ಕಲಿತರು. ಒಂದು ಸಲ ಊಟದ ಹೊತ್ತಿನಲ್ಲಿ ಎಲ್ಲರೂ ನಗುವಾಗ ನಾನೂ ನಕ್ಕುಬಿಟ್ಟೆ.

ಈಗ ಅದು ಕೈಪಿಡಿಯ ಪುಟಕ್ಕೂ ಬಂದಿತ್ತು. ಕೊನೆಯ ಸಾಲು ಹೀಗಿತ್ತು: "ಹಿರಿಯ ತಂತ್ರಜ್ಞರು ಅತಿಯಾದ ಆತ್ಮವಿಶ್ವಾಸದಿಂದ ಪ್ರಮಾಣಪತ್ರ ನೋಡದೆ ನೆನಪಿನಿಂದ ಅಂಕಿ ಹೇಳಿದರು. ಬರೆದುಕೊಂಡವರಿಗೆ ತಪ್ಪು ತಿಳಿಯುವ ಅವಕಾಶವಿರಲಿಲ್ಲ." ಅದರ ಕೆಳಗೆ ಪರಿಶೀಲಿಸಿದವರು ಎಂದು ನಾನು ಸಹಿ ಹಾಕಬೇಕು.

"ಇದನ್ನ ಮನೆಗೆ ತಗೊಂಡು ಹೋಗಿ ಓದ್ತೀನಿ" ಎಂದೆ ಕ್ಲಿಕ್ ಸಾರಿಗೆ. "ಜೊತೆಗೆ ಅಜ್ಜೀನೂ ಕೊಡಿ."

"ಯಾರ ಅಜ್ಜಿ ಮೇಡಂ?"

ಮರದ ಪೆಟ್ಟಿಗೆ ತೋರಿಸಿದೆ. ಅವನು ಪಟ್ಟಿ ನೋಡಿದ. "ಇದು ಲೆಕ್ಕದಿಂದ ತೆಗೆದಾಗಿದೆ, ಗುಜರಿ ಸಾಮಾನು. ತಗೊಂಡ್ಹೋಗಿ. ಹೊಸ ಸೆನ್ಸರಿನಲ್ಲಿ ಪಟ್ಟಿ ಒಳಗೇ ಚಿಪ್‌ನಲ್ಲಿರುತ್ತೆ ಮೇಡಂ, ಸಿಗಿಸಿದ ಕೂಡ್ಲೇ ಕಂಪ್ಯೂಟರೇ ಓದ್ಕೊಳ್ಳುತ್ತೆ. ಯಾರೂ ಹೇಳೋ ಹಾಗಿಲ್ಲ, ಯಾರೂ ಬರ್ಕೊಳೋ ಹಾಗಿಲ್ಲ. ಇಂಥ ತಪ್ಪು ಇನ್ಮೇಲೆ ಆಗೋದೇ ಇಲ್ಲ."

ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಬುದ್ಧಿ ಕಂಪ್ಯೂಟರಿಗೂ ಇದೆ ಎಂದು ಹೇಳೋಣವೆನಿಸಿತು. ಸುಮ್ಮನೆ ಪೆಟ್ಟಿಗೆ ಎತ್ತಿಕೊಂಡೆ.

ನಾನೂ ನನ್ನ ಗಂಡನೂ ಇರುವುದು ಮಾವನ ಮನೆಯಿರುವ ಕಟ್ಟಡದ ಎರಡನೇ ಮಹಡಿಯಲ್ಲಿ, ಅಮ್ಮ ಮತ್ತು ಮಾವ ಮೂರನೆಯದರಲ್ಲಿ. ಹದಿನಾಲ್ಕು ಮೆಟ್ಟಿಲು. ಬುಧವಾರ ಹತ್ತಲಿಲ್ಲ, ಗುರುವಾರ ಬಾಗಿಲವರೆಗೆ ಹೋಗಿ ಮರಳಿದೆ, ಶುಕ್ರವಾರ ತಲೆನೋವು ಎಂದೆ, ಶನಿವಾರ ಯಾರೂ ನೆಪ ಕೇಳಲಿಲ್ಲ. ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಪೆಟ್ಟಿಗೆ ಕಂಕುಳಲ್ಲಿಟ್ಟುಕೊಂಡು ಮೇಲೆ ಹೋದೆ. ಅಮ್ಮ ಮೇಜಿನ ಮೇಲೆ ಪತ್ರಿಕೆ ಹಾಸಿ ಬಟಾಣಿ ಬಿಡಿಸುತ್ತಿದ್ದಳು. ಮಾವ ಕಿಟಕಿಯ ಪಕ್ಕ ಕೂತಿದ್ದ. ಅವನಿಗೀಗ ಎಂಬತ್ತೊಂದು. ಕಣ್ಣು ಹೆಚ್ಚುಕಡಿಮೆ ಹೋಗಿದೆ, ಬೆಳಕು ಎಲ್ಲಿದೆ ಎಂದಷ್ಟೇ ಕಾಣುತ್ತದೆ. ಕಿವಿ ಮಾತ್ರ ಪಾತಾಳಗರಡಿ. ನಾನು ಎಷ್ಟನೇ ಮೆಟ್ಟಿಲಲ್ಲಿದ್ದೇನೆ ಎಂದು ಒಳಗಿಂದಲೇ ಹೇಳುತ್ತಾನೆ.

"ಹತ್ತನೇ ಮೆಟ್ಟಿಲಲ್ಲಿ ಯಾಕೆ ನಿಂತಿದ್ದೆ?" ಎಂದ.

"ಉಸಿರು ತಗೊಳ್ಳೋಕೆ."

"ಈ ವಯಸ್ಸಿಗೇ?" ಎಂದಳು ಅಮ್ಮ. "ನಾನು ಎಪ್ಪತ್ತೇಳರಲ್ಲಿ ತರಕಾರಿ ಚೀಲ ಹೊತ್ಕೊಂಡು ಹತ್ತಲ್ವಾ?"

ಮಾವನ ಮಡಿಲಲ್ಲಿ ಪೆಟ್ಟಿಗೆ ಇಟ್ಟೆ. ಮುಚ್ಚಳ ತೆರೆದ. ಹಸಿರು ಬಟ್ಟೆ ಮುಟ್ಟಿದ ಕೂಡಲೇ ಗೊತ್ತಾಯಿತು ಅವನಿಗೆ, ಮುಖ ಅಷ್ಟಗಲವಾಯಿತು. ನಟ್ಟನ್ನು ಬೆರಳಲ್ಲಿ ತಿರುಗಿಸಿ ನೋಡಿದ, ಮೈಯನ್ನು ಅಲುಗಿಸಲಿಲ್ಲ. ಆಮೇಲೆ ಹೆಬ್ಬೆರಳು ಪಕ್ಕೆಯ ಮೇಲೆ ಹರಿದು ಚೀಟಿಯ ಅಂಚಿನಲ್ಲಿ ನಿಂತಿತು.

"ಚೀಟಿ ಇನ್ನೂ ಇದೆ."

"ಯಾರೂ ಕೀಳ್ಲಿಲ್ಲ ಮಾವ."

"ಕೀಳ್ಬೇಕಿತ್ತು" ಎಂದ. ಅಷ್ಟರಲ್ಲಿ ನನ್ನ ಕೈಯಲ್ಲಿದ್ದ ಹಾಳೆಯ ಸಪ್ಪಳ ಅವನಿಗೆ ಕೇಳಿತ್ತು. "ಅದೇನದು, ಓದು."

ಓದಿದೆ. ಕೊನೆಯ ಸಾಲಿನವರೆಗೂ ಓದಿದೆ. ಅಮ್ಮ ಬಟಾಣಿ ಬಿಡಿಸುವುದನ್ನು ನಿಲ್ಲಿಸಿದ್ದಳು. ಮಾವ ಸ್ವಲ್ಪ ನಕ್ಕ.

"ಅತಿಯಾದ ಆತ್ಮವಿಶ್ವಾಸ. ಸರಿಯಾಗಿ ಬರ್ದಿದಾನೆ ಹುಡುಗ. ಹಾಕು ಸೈನು."

"ಹಾಕಕ್ಕಾಗಲ್ಲ."

"ಯಾಕೆ? ನನ್ನ ಮಾನ ಉಳಿಸೋಕಾ? ಅದು ಯಾವಾಗ್ಲೋ ಹೋಯ್ತು, ನಂಗೇನೂ ಬೇಜಾರಿಲ್ಲ."

"ಕೊನೇ ಸಾಲು ಸುಳ್ಳು ಮಾವ." ಆ ಸಾಲಿನ ಮೇಲೆ ಬೆರಳಿಟ್ಟೆ. "ಅವಕಾಶ ಇತ್ತು. ಸರ್ಟಿಫಿಕೇಟು ನನ್ನ ಪಕ್ಕದಲ್ಲೇ ತೆರ್ದಿತ್ತು. ತೊಂಬತ್ತೈದು ಆರು ಅಂತ ನಂಗೆ ಕಾಣ್ತಿತ್ತು. ಗೊತ್ತಿದ್ದೂ ತೊಂಬತ್ತೇಳು ನಾಲ್ಕು ಬರ್ದೆ. ಬೆಳಿಗ್ಗೆ ಅವರ ಮುಂದೆ ನಂಗೆ ಹಾಗಂದ್ಯಲ್ಲ, ಅದಕ್ಕೆ. ಸಂಜೆ ನೀನೇ ಕಂಡುಹಿಡಿದು ಪೆಚ್ಚಾಗ್ಲಿ ಅಂತ. ನೀನು ಹಿಡೀಲಿಲ್ಲ. ಆಮೇಲೆ ಹೇಳೋಕೆ ಬಾಯಿ ಬರ್ಲಿಲ್ಲ. ನೀನು ಉಗ್ರಾಣಕ್ಕೆ ಹೋದಾಗ್ಲೂ ಬರ್ಲಿಲ್ಲ."

ಅಳು ಬಂತು. ಐವತ್ತನಾಲ್ಕು ವರ್ಷದ ಹೆಂಗಸು, ಸೆರಗಿನಲ್ಲಿ ಮೂಗು ಒರೆಸಿಕೊಂಡು ನಿಂತೆ.

ಮೊದಲು ಬಾಯಿ ಬಿಟ್ಟವಳು ಅಮ್ಮ. "ಇಪ್ಪತ್ತಾರು ವರ್ಷ! ಒಂದೇ ಮನೆ ಅನ್ನ ತಿಂದ್ಕೊಂಡು! ಅವ್ನು ಕೆಳಗೆ ಕೂತು ಸ್ಕ್ರೂ ಎಣಿಸ್ತಿದ್ದಾಗ ನೀನು ಹೇಗೆ..." ಬಟಾಣಿಯ ಬಟ್ಟಲನ್ನು ದೂರ ತಳ್ಳಿದಳು. ನಾಲ್ಕು ಕಾಳು ಉರುಳಿ ಮೇಜಿನಿಂದ ಬಿದ್ದವು.

"ನೀನು ಸುಮ್ನಿರು" ಎಂದ ಮಾವ, ತಂಗಿಗೆ. ಅಜ್ಜಿಯನ್ನು ನಿಧಾನವಾಗಿ ಪೆಟ್ಟಿಗೆಗೆ ಮಲಗಿಸಿದ. ಅಂಗೈಯ ಬಿಸಿ ತಾಗಬಾರದಲ್ಲ, ಅಭ್ಯಾಸ. ಅವನ ಮುಖದಲ್ಲಿ ನೋವಿತ್ತು. ಇರಲಿಲ್ಲ ಎಂದು ನಾನು ಹೇಳುವುದಿಲ್ಲ.

"ಕಣ್ಣೆದುರಿಗೇ ಇತ್ತಾ?"

"ಇತ್ತು."

"ಅದು ಗೊತ್ತಿರ್ಲಿಲ್ಲ" ಎಂದ. ಕಿಟಕಿಯ ಕಡೆ ಮುಖ ತಿರುಗಿಸಿದ. ಅವತ್ತೂ ಹಾಗೇ ನಿಂತಿದ್ದ. "ಆದ್ರೆ ನಿನ್ನ ಪೆನ್ನು ನಿಂತಿದ್ದು ನಂಗೆ ಗೊತ್ತು."

"ಏನು?"

"ಕೇಳಿಸ್ತು. ಗರಗರ ಅಂತ ಬರೀತಿದ್ದೋಳು ಹದಿನೆಂಟಕ್ಕೆ ನಿಂತೆ. ಯಾವತ್ತೂ ನಿಲ್ಲದೋಳು. ನಿಂತಿದೆ ಅಂದ್ರೆ ಏನೋ ಇದೆ, ಏನಮ್ಮಾ ಅಂತ ತಿರುಗಿ ಒಂದ್ಮಾತು ಕೇಳ್ಬೇಕಿತ್ತು. ಕೇಳಿದ್ರೆ ತಪ್ಪು ನಂದೇ ಅಂತ ಆಗುತ್ತೇನೋ ಅಂತ ಹೆದರ್ಕೊಂಡೆ. ಅದಕ್ಕೇ ಬರ್ಕೋ ಅಂತ ಗದರಿದ್ದು. ಸಂಜೆ ಸೈನ್ ಮಾಡೋವಾಗ ನಿನ್ನ ಮುಖ ನೋಡಿದೆ. ಆಗ್ಲೂ ಕೇಳ್ಲಿಲ್ಲ. ಸರ್ಟಿಫಿಕೇಟು ತೆಗೆದ್ರೆ ಎಲ್ಲಿ ನೀನು ಗೆಲ್ತೀಯೋ ಅಂತ ತೆಗೀಲೂ ಇಲ್ಲ." ಪೆಟ್ಟಿಗೆಯ ಅಂಚಿನ ಮೇಲೆ ಬೆರಳಾಡಿಸಿದ. "ಉಗ್ರಾಣದಲ್ಲಿ ಕೂತು ನಾಲ್ಕು ವರ್ಷ ಇದನ್ನೇ ಯೋಚ್ನೆ ಮಾಡಿದೆ. ಕಂಡಕಂಡೋರ ಮೀಟರ್‌ಗೆಲ್ಲ ನಾಲ್ಕು ಎಣಿಸಿದೆ. ನಿಂಗೆ ಎಣಿಸ್ಲಿಲ್ಲ."

ನಾನು ಅವನ ಕುರ್ಚಿಯ ಪಕ್ಕ ನೆಲದ ಮೇಲೆ ಕೂತೆ. ಚಿಕ್ಕವಳಿದ್ದಾಗ ಕೂರುತ್ತಿದ್ದದ್ದು ಅಲ್ಲೇ. ಅಮ್ಮ ಬಗ್ಗಿ ಬಟಾಣಿ ಕಾಳು ಆಯತೊಡಗಿದಳು. "ಇಬ್ರೂ ಒಂದೇ ಅಚ್ಚು" ಎಂದು ಗೊಣಗಿದಳು, ಕಣ್ಣೊರೆಸಿಕೊಂಡಳು.

"ಪೆನ್ನಿದ್ಯಾ?" ಎಂದ ಮಾವ.

"ಇದೆ."

"ಆ ಕೊನೇ ಸಾಲು ಹೊಡೆದ್ಹಾಕು. ಬರೀತಿದ್ದವಳಿಗೆ ಸರಿಯಾದ ಅಂಕಿ ಗೊತ್ತಿತ್ತು, ಹೇಳಲಿಲ್ಲ. ಹೇಳಿಸುತ್ತಿದ್ದವನಿಗೆ ಅನುಮಾನ ಬಂದಿತ್ತು, ಕೇಳಲಿಲ್ಲ. ಹಾಗಂತ ಬರಿ. ಹೊಸಬರಿಗೆ ಅದು ಗ್ಯಾರಂಟಿ ಉಪಯೋಗಕ್ಕೆ ಬರುತ್ತೆ."

ಮಂಡಿಯ ಮೇಲೆ ಹಾಳೆಯಿಟ್ಟುಕೊಂಡು ಬರೆದೆ. ಪರಿಶೀಲಿಸಿದವರು ಎಂಬಲ್ಲಿ ಸಹಿ ಹಾಕಿದೆ. ನಾನು ಮುಗಿಸುವವರೆಗೂ ಮಾವ ತಲೆ ಓರೆ ಮಾಡಿ ಪೆನ್ನಿನ ಸಪ್ಪಳ ಕೇಳುತ್ತಿದ್ದ. ಆಮೇಲೆ ಪೆಟ್ಟಿಗೆಯೊಳಗೆ ಕೈಯಿಟ್ಟು ಉಗುರಿನಿಂದ ಚೀಟಿಯ ಮೂಲೆ ಎಬ್ಬಿಸಿದ. ನಲವತ್ತು ಚಿಲ್ಲರೆ ವರ್ಷದ ಅಂಟು, ಪುಡಿಪುಡಿಯಾಗಿ ಬಂತು. ಅಮ್ಮ ಪತ್ರಿಕೆಯ ಅಂಚಿನಿಂದ ಅಷ್ಟೇ ಅಗಲದ ಬಿಳಿ ಕಾಗದ ಹರಿದು ನನ್ನ ಕೈಗೆ ಕೊಟ್ಟಳು. ಮಗ್ಗಿ ಶುರುವಾಯಿತು.

"ಒಂದಕ್ಕೆ?"

"ತೊಂಬತ್ತೊಂಬತ್ತು ಪಾಯಿಂಟ್ ಒಂದು."

"ನಾಲ್ಕಕ್ಕೆ?"

"ತೊಂಬತ್ತೆಂಟು ಪಾಯಿಂಟ್ ಏಳು."

ಎಂಟಕ್ಕೆ, ಹನ್ನೆರಡಕ್ಕೆ ಎಲ್ಲವನ್ನೂ ಹೇಳುತ್ತ ಬರೆದೆ.

"ಹದಿನೆಂಟಕ್ಕೆ?"

ಪೆನ್ನು ನಿಂತಿತು. ಮಾವ ಕಣ್ಣು ಮುಚ್ಚಿಕೊಂಡ.

"ಒಂದು" ಎಂದ. "ಎರಡು. ಮೂರು. ನಾಲ್ಕು. ಈಗ ಹೇಳು."

"ತೊಂಬತ್ತೈದು ಪಾಯಿಂಟ್ ಆರು, ಮಾವ."

"ಬರ್ಕೋ" ಎಂದ.